ಟಿ.ವಿ. ಏಳುತ್ತಿಲ್ಲ, ಗೇಟು ಬೀಳುತ್ತದೆ

ಗುಂಡ್ಲುಪೇಟೆಯಲ್ಲಿ ಸಂಜೆ ಏಳು ದಾಟಿತೆಂದರೆ ರಸ್ತೆಬದಿಯ ಎಲ್ಲರ ಬಾಯಲ್ಲೂ ಒಂದೇ ಲೆಕ್ಕ: ಗೇಟಿಗೆ ಇನ್ನೆಷ್ಟು ಹೊತ್ತು? ಮೈಸೂರಿನಿಂದ ಅರವತ್ತು ಕಿಲೋಮೀಟರ್ ಒಂದಾಗಿ ಬಂದ ರಸ್ತೆ ಇಲ್ಲಿ ಕವಲೊಡೆಯುತ್ತದೆ. ಒಂದು ಮದ್ದೂರು, ಮೂಲೆಹೊಳೆ ದಾಟಿ ಸುಲ್ತಾನ್ ಬತ್ತೇರಿಗೆ. ಇನ್ನೊಂದು ಹಂಗಳ, ಮೇಲುಕಾಮನಹಳ್ಳಿ, ಬಂಡೀಪುರ, ಕೆಕ್ಕನಹಳ್ಳ ಹಾಯ್ದು ತಮಿಳುನಾಡಿನ ಮುದುಮಲೈಗೆ, ಅಲ್ಲಿಂದ ಊಟಿಗೆ. ಸರ್ಕಾರ ಹಳೆಯ 212 ಅನ್ನು 766 ಮಾಡಿ, ಹಳೆಯ 67 ಅನ್ನು 181 ಮಾಡಿ ವರ್ಷಗಳಾದವು. ಲಾರಿಯವರಿಗೆ ಅವು ಇವತ್ತಿಗೂ ಕೇರಳ ರೋಡು, ಊಟಿ ರೋಡು. ಎರಡೂ ಹುಲಿ ಕಾಡಿನ ಮಧ್ಯೆಯೇ ಹೋಗುತ್ತವೆ. ಎರಡಕ್ಕೂ ರಾತ್ರಿ ಒಂಬತ್ತಕ್ಕೆ ಗೇಟು ಬೀಳುತ್ತದೆ, ಬೆಳಿಗ್ಗೆ ಆರಕ್ಕೆ ಏಳುತ್ತದೆ. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಹೊರಡಿಸಿದ ಆದೇಶ ಅದು. ಮರುವರ್ಷ ಹೈಕೋರ್ಟು ಎತ್ತಿಹಿಡಿಯಿತು. ಕೇರಳದ ಕಡೆಯಿಂದ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆಂಬುಲೆನ್ಸು ಮತ್ತು ಲೆಕ್ಕದ ಕೆಲವು ಸರ್ಕಾರಿ ಬಸ್ಸುಗಳನ್ನು ಬಿಟ್ಟರೆ ಉಳಿದವರೆಲ್ಲ ಒಂಬತ್ತರೊಳಗೆ ಒಳಗೆ ಹೋಗಬೇಕು, ಇಲ್ಲವೇ ಈಚೆಗೇ ಉಳಿಯಬೇಕು.

ಉಳಿಯುವವರು ಯಾರೆಂದು ಊರಿಗೆ ಗೊತ್ತು. ಟೊಮೆಟೊ, ಕೋಸು, ಬೀಟ್‌ರೂಟು, ನೇಂದ್ರ ಬಾಳೆಗೊನೆ ತುಂಬಿದ ಲಾರಿಗಳು ಬದಿಗೆ ಹಾಕಿ ನಿಂತಿರುತ್ತವೆ. ಕ್ಲೀನರ್ ಹುಡುಗ ಟಾರ್ಪಾಲಿನ ಹಗ್ಗ ಬಿಗಿಯುತ್ತಾನೆ, ಡ್ರೈವರು ಲುಂಗಿ ಬದಲಿಸುತ್ತಾನೆ, ಸ್ಟೋವ್ ಮೇಲೆ ಅನ್ನ ಕುದಿಯುತ್ತದೆ. ಅವರಿಗೆ ಅವಸರವಿಲ್ಲ. ಅವಸರವೆಲ್ಲ ಪ್ರವಾಸದವರದು. ಊಟಿಯಲ್ಲಿ ರೂಮು ಬುಕ್ಕಾಗಿದೆ, ನೀಲಗಿರಿಯ ಇ-ಪಾಸು ಮೊಬೈಲಿನಲ್ಲಿದೆ, ಹೆಂಗಸರಿಗೆ ಬಾತ್‌ರೂಮು ಬೇಕು, ಮಕ್ಕಳಿಗೆ ಚಿಪ್ಸು ಬೇಕು, ಡ್ರೈವರಿಗೆ ಕಾಡಿನಾಚೆಗೆ ಹೋಗಿ ಸೇರಿದರೆ ಸಾಕು. ಆ ಅವಸರದ ನಡುವೆ ಗಾಡಿಯಲ್ಲಿ ಏನಾದರೂ ಕೈಕೊಟ್ಟರೆ ತೋರಿಸಲು ಇದೇ ಕೊನೆಯ ಊರು. ಮುಂದೆ ಪಂಕ್ಚರ್ ಅಂಗಡಿಯೂ ಇಲ್ಲ, ಕಾಡಿನೊಳಗೆ ಗಾಡಿ ನಿಲ್ಲಿಸುವಂತೆಯೂ ಇಲ್ಲ.

ಅದಕ್ಕೇ ಊಟಿ ರಸ್ತೆಯ ಅಂಚಿನಲ್ಲಿ ಟೈರು, ಬ್ಯಾಟರಿ, ರೇಡಿಯೇಟರ್, ಎಸಿ ಗ್ಯಾಸು, ಆಟೊ ಎಲೆಕ್ಟ್ರಿಕಲ್ಸ್ ಅಂಗಡಿಗಳ ಸಾಲು. ಬೋರ್ಡುಗಳಲ್ಲಿ ಕನ್ನಡದ ಜೊತೆಗೆ ಮಲಯಾಳ, ಕೆಲವದರಲ್ಲಿ ತಮಿಳೂ ಉಂಟು. ನನ್ನ ಬೈಕಿನ ಹಾರ್ನು ಕೂಗುವ ಬದಲು ಕೆಮ್ಮುತ್ತಿದ್ದುದರಿಂದ ನಾನೂ ಅಂಥದೊಂದು ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತಿದ್ದೆ. ಒಳಗೆ ಹಳೆಯ ಆಲ್ಟರ್ನೇಟರುಗಳ ರಾಶಿ, ಗೋಡೆಯ ಮೊಳೆಗಳಲ್ಲಿ ಬಣ್ಣ ಬಣ್ಣದ ವೈರಿನ ಸುರುಳಿಗಳು, ಸಾಯಿಬಾಬಾ ಫೋಟೋದ ಪಕ್ಕಕ್ಕೆ ಬ್ಯಾಟರಿ ಕಂಪನಿಯ ಕ್ಯಾಲೆಂಡರು. ಅಂಗಡಿಯವರಿಗೆ ಐವತ್ತರ ಮೇಲೆ ವಯಸ್ಸು. ಹೆಗಲ ಮೇಲೆ ಒಂದು ಬಲ್ಬು ನೇತಾಡುತ್ತಿತ್ತು: ಇಂಡಿಕೇಟರಿನ ಇಪ್ಪತ್ತೊಂದು ವ್ಯಾಟಿನ ಬಲ್ಬು, ಅದಕ್ಕೆ ಎರಡು ಉದ್ದನೆಯ ವೈರು, ಒಂದರ ತುದಿಗೆ ಮೊಸಳೆ ಕ್ಲಿಪ್ಪು, ಇನ್ನೊಂದರ ತುದಿಗೆ ಚೂಪು ಸೂಜಿ. ಟೆಸ್ಟ್ ಲ್ಯಾಂಪು. ಟವೆಲ್ಲಿನ ಜಾಗದಲ್ಲಿ ಅದು.

ಕೆಎ 06 ಬೋರ್ಡಿನ ಟಿಟಿಯೊಂದು ಧೂಳೆಬ್ಬಿಸಿ ಬಂದು ಅಂಗಡಿಗೆ ಅಡ್ಡಲಾಗಿ ನಿಂತಿತು. ಟೆಂಪೊ ಟ್ರಾವೆಲರ್ ಎಂದು ಪೂರ್ತಿ ಹೆಸರು ಹೇಳುವವರು ಈಗ ಯಾರೂ ಇಲ್ಲ. ತುಮಕೂರಿನ ಕಡೆಯ ಗಾಡಿ, ಒಳಗೆ ಒಂದೇ ಮನೆತನದ ಮೂರು ತಲೆಮಾರು. ಮುಂದಿನ ಗಾಜಿನ ಮೇಲೆ ದೇವರ ಹೆಸರು, ಹಿಂದಿನ ಗಾಜಿನ ಮೇಲೆ ಮಾಲೀಕರ ಮಕ್ಕಳ ಹೆಸರು. ಡ್ರೈವರು ಇಳಿಯುವ ಮೊದಲೇ ಮಾತು ಇಳಿಯಿತು.

“ಅಣ್ಣಾ, ಹಿಂದಿನ ಟಿ.ವಿ. ಏಳ್ತಾ ಇಲ್ಲ. ಬೇಗ ನೋಡಿ, ಗೇಟ್ ಹಾಕ್ಬಿಡ್ತಾರೆ.”

ಸಂಗತಿ ಹೀಗೆ. ಬೆಳಿಗ್ಗೆ ಹೊರಟವರು ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನ ಮುಗಿಸಿ, ಅಲ್ಲಿಂದ ಗೋಪಾಲಸ್ವಾಮಿ ಬೆಟ್ಟಕ್ಕೆ ಬಂದಿದ್ದಾರೆ. ಮೈಸೂರು ಮಹಾರಾಜರು ಈ ಕಾಡಿನ ಒಂದು ಭಾಗವನ್ನು ಕಾಯ್ದಿಟ್ಟಾಗ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಹೆಸರಿಟ್ಟದ್ದು ಈ ಬೆಟ್ಟದ ದೇವರಿಂದ. ಖಾಸಗಿ ಗಾಡಿಗಳನ್ನು ಈಗ ಮೇಲಕ್ಕೆ ಬಿಡುವುದಿಲ್ಲವಾದ್ದರಿಂದ ಟಿಟಿಯನ್ನು ಬುಡದಲ್ಲಿ ಬಿಟ್ಟು ಎಲ್ಲರೂ ಸರ್ಕಾರಿ ಬಸ್ಸಿನಲ್ಲಿ ಹತ್ತಿ ಇಳಿದಿದ್ದಾರೆ. ಇಳಿದು ಬಂದು, ಕಟ್ಟಿ ತಂದ ಪುಳಿಯೋಗರೆ, ಮೊಸರನ್ನ ಮುಗಿಸಿ, ಗಾಡಿ ಹತ್ತಿ ಟಿ.ವಿ. ಹಾಕಿದರೆ ಅದು ಎದ್ದಿಲ್ಲ. ಹಂಗಳದ ಹತ್ತಿರ ಊಟಿ ಕಡೆಗೆ ತಿರುಗಬೇಕಿದ್ದ ಗಾಡಿ ಟಿ.ವಿ.ಗೋಸ್ಕರ ಹಿಂದಕ್ಕೆ, ಗುಂಡ್ಲುಪೇಟೆಗೆ ತಿರುಗಿದೆ.

ಕಾಡಿಗೆ ಬಂದು ಟಿ.ವಿ. ನೋಡುತ್ತಾರಲ್ಲಾ ಎಂದು ಮೂಗು ಮುರಿಯುವುದು ಬಲು ಸುಲಭ. ನಾನೂ ಮುರಿದೆನೋ ಏನೋ. ಆದರೆ ರಾತ್ರಿ ಎಂಟೂವರೆಗೆ ಬಂಡೀಪುರದ ರಸ್ತೆಯಲ್ಲಿ ಟಿಟಿಯ ನಾಲ್ಕನೇ ಸಾಲಿನ ಸೀಟಿನಲ್ಲಿ ಕೂತ ಮಗುವಿಗೆ ಕಾಣುವುದೇನು? ಹೆಡ್‌ಲೈಟಿನ ಬೆಳಕು ಡ್ರೈವರಿಗೆ, ಅವನ ಪಕ್ಕದವರಿಗೆ. ಆನೆ ಅಡ್ಡ ಬಂದರೆ ಅವರು ನೋಡಿ “ಆನೆ, ಆನೆ” ಅನ್ನುತ್ತಾರೆ; ಹಿಂದಿನವರು ಎದ್ದು ಬಗ್ಗುವುದರೊಳಗೆ ಅದು ಪೊದೆಯೊಳಗೆ ಹೋಗಿರುತ್ತದೆ. ಪಕ್ಕದ ಕಿಟಕಿಯ ಗಾಜಿನಲ್ಲಿ ಕಾಣುವುದು ತನ್ನದೇ ಮುಖ. ಕಾಡು ಮುಂದಿನ ಸೀಟಿನವರ ಪಾಲಿನದು. ಹಿಂದಿನವರಿಗೆ ಟಿ.ವಿ.ಯಾದರೂ ಇರಲಿ.

ಅಂಗಡಿಯವರು ಟಿ.ವಿ.ಯ ಕಡೆ ನೋಡಲೇ ಇಲ್ಲ. ಬಾಗಿಲಲ್ಲಿ ನಿಂತು ಮೊದಲ ಪ್ರಶ್ನೆ ಕೇಳಿದರು: “ಟಿ.ವಿ. ಜೊತೆಗೆ ಬೇರೆ ಏನೇನ್ ನಿಂತದೆ?”

ಡ್ರೈವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಟಿ.ವಿ. ಒಂದೇ ಅಂದ. ಮುಂದಿನ ಸ್ಟೀರಿಯೊ ಹಾಡುತ್ತಿದೆಯಾ? ಹಾಡುತ್ತಿದೆ. ಸೀಲಿಂಗಿನ ನೀಲಿ ಲೈಟು? ಉರಿಯುತ್ತಿದೆ. ಎಸಿ ಬ್ಲೋವರು? ಇದೆ. ಹಿಂದಿನ ಸೀಟಿನ ಮೊಬೈಲ್ ಚಾರ್ಜರು? ಡ್ರೈವರು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಹುಡುಗಿಯೊಬ್ಬಳು ಕೂಗಿದಳು: “ಅದೂ ಆಗ್ತಿಲ್ಲ ಅಂಕಲ್, ನನ್ ಮೊಬೈಲು ನಾಲ್ಕು ಪರ್ಸೆಂಟ್ ಇದೆ!”

ಅಂಗಡಿಯವರ ಮುಖದಲ್ಲಿ ಅರ್ಧ ಕೆಲಸ ಮುಗಿದ ನೆಮ್ಮದಿ. ಟಿ.ವಿ. ಒಂದೇ ಸತ್ತಿದ್ದರೆ ಟಿ.ವಿ.ಯನ್ನು ಅನುಮಾನಿಸಬೇಕು. ಟಿ.ವಿ., ಚಾರ್ಜರು ಎರಡೂ ಒಟ್ಟಿಗೆ ಸತ್ತಿದ್ದರೆ ಅವೆರಡಕ್ಕೂ ಅನ್ನ ಬರುವ ದಾರಿಯಲ್ಲೇ ಎಲ್ಲೋ ಕೆಟ್ಟಿದೆ. ಅವರು ಆಮೇಲೆ ಪರದೆಯ ಕೆಳಗಿನ ಅಂಚಿಗೆ ಅಂಗೈ ಮರೆ ಮಾಡಿ ನೋಡಿದರು. ಅಲ್ಲೊಂದು ಕೆಂಪು ಚುಕ್ಕಿ ಇರಬೇಕು. ಅದು ಇದ್ದು ಚಿತ್ರ ಬಾರದಿದ್ದರೆ ರಿಮೋಟು, ಪೆನ್‌ಡ್ರೈವು, ಒಳಗಿನ ಬೋರ್ಡು ಎಂದು ಬೇರೆಯೇ ಕತೆ. ಚುಕ್ಕಿಯೇ ಇಲ್ಲ. ಅಂದರೆ ಕರೆಂಟೇ ಬಂದು ಸೇರುತ್ತಿಲ್ಲ.

ಫ್ಯೂಸು ನೋಡೋಣವೆಂದು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿದವರು ಬೈಯುತ್ತಲೇ ಹೊರಗೆ ಬಂದರು. ನೀಲಿ ಫ್ಯೂಸು ಇರಬೇಕಾದಲ್ಲಿ ಹಸಿರು ಫ್ಯೂಸು ಕೂತಿತ್ತು. ಗಾಡಿ ಓಡಿಸುವ ಎಲ್ಲರೂ ಇದಿಷ್ಟು ಬಣ್ಣ ತಿಳಿದಿರುವುದು ಒಳ್ಳೆಯದು: ಚಪ್ಪಟೆ ಫ್ಯೂಸುಗಳಲ್ಲಿ ಕೆಂಪು ಹತ್ತು ಆಂಪಿಯರು, ನೀಲಿ ಹದಿನೈದು, ಹಳದಿ ಇಪ್ಪತ್ತು, ಹಸಿರು ಮೂವತ್ತು. ಹದಿನೈದಕ್ಕೆ ಸುಟ್ಟು ವೈರನ್ನು ಉಳಿಸಬೇಕಾದ ಜಾಗದಲ್ಲಿ ಮೂವತ್ತು ಕೂರಿಸಿದರೆ, ಮುಂದೊಂದು ದಿನ ಫ್ಯೂಸು ಉಳಿದು ವೈರು ಸುಡುತ್ತದೆ.

“ಯಾರ್ ಹಾಕ್ದೋರು ಇದ?” 

“ಬೆಟ್ಟದ ಕೆಳಗೆ ನಾನೇ ಅಣ್ಣ. ಬೇರೆ ಇರಲಿಲ್ಲ. ದೊಡ್ಡದು ಹಾಕಿದ್ರೆ ಏಳುತ್ತೇನೋ ಅಂತ...”

“ಹಿಂದ್ಗಡೆ ಹದ್ನಾಕು ಜನ ಕೂರ್ಸ್ಕಂಡು ಇಂಥ ಕೆಲ್ಸ ಮಾಡ್ಬಾರ್ದು ಕನಾ.” ಹಸಿರನ್ನು ಕಿತ್ತು ಜೇಬಿಗೆ ಹಾಕಿಕೊಂಡು ನೀಲಿಯನ್ನು ಕೂರಿಸಿದರು. ಲ್ಯಾಂಪಿನ ಕ್ಲಿಪ್ಪನ್ನು ಬಾಡಿಗೆ ಕಚ್ಚಿಸಿ, ಸೂಜಿಯನ್ನು ಫ್ಯೂಸಿನ ತಲೆಯ ಮೇಲಿನ ಎರಡು ಸಣ್ಣ ಕಿಂಡಿಗಳಿಗೆ ಒಂದಾದ ಮೇಲೊಂದು ತಾಗಿಸಿದರು. ಎರಡರಲ್ಲೂ ಬಲ್ಬು ಝಗ್ಗೆಂದು ಉರಿಯಿತು. ಕರೆಂಟು ಇಲ್ಲಿಯವರೆಗೆ ಬಂದಿದೆ, ಇಲ್ಲಿಂದ ದಾಟಿಯೂ ಹೋಗಿದೆ.

ಈ ಹೊತ್ತಿಗೆ ಅಂಗಡಿಯ ಹುಡುಗ ಹಿಂದಿನಿಂದ ಹತ್ತಿ, ಸೀಲಿಂಗಿಗೆ ಜೋತುಬಿದ್ದ ಟಿ.ವಿ.ಯ ಬೆನ್ನಿನ ಪ್ಲಗ್ಗು ಕಿತ್ತು, ಡಿಜಿಟಲ್ ಮೀಟರು ಹಿಡಿದಿದ್ದ. ಐಟಿಐ ಮುಗಿಸಿದ ಹುಡುಗ. ಮೀಟರು ಅವನ ಹೆಮ್ಮೆ. “ಹನ್ನೆರಡು ಪಾಯಿಂಟ್ ನಾಕು ತೋರುಸ್ತದೆ ಕನಣ್ಣ. ಕರೆಂಟು ಬತ್ತಾ ಅದೆ. ಟಿ.ವಿ.ನೇ ಹೋಗದೆ.”

ಟಿ.ವಿ.ಯೇ ಹೋಗಿದೆ ಎಂಬ ಮಾತು ಗಾಡಿಯೊಳಗೆ ಬಿದ್ದದ್ದೇ ತಡ, ಅಲ್ಲಿ ಸಭೆ ಸೇರಿತು. ಇನ್ನೇನು ಬಿಡಿ ಹೋಗೋಣ ಅಂದವರು ಕೆಲವರು. ಗಾಡಿ ಗೊತ್ತು ಮಾಡಿದ್ದ ಸೋದರಮಾವ ಮಾತ್ರ ಕೆಳಗಿಳಿದು ಬಂದು ಡ್ರೈವರಿಗೆ ಕೇಳುವಷ್ಟು ಗಟ್ಟಿಯಾಗಿ ನನಗೆ ಹೇಳಿದರು: “ಟಿ.ವಿ. ಇದೆ ಅಂತ ತಾನೇ ಸಾರ್ ಕಿಲೋಮೀಟರಿಗೆ ಅಷ್ಟು ರೇಟು ಒಪ್ಪಿದ್ದು. ಇಲ್ಲ ಅಂದ್ರೆ ಲೆಕ್ಕದಲ್ಲಿ ಹಿಡೀಬೇಕಾಗುತ್ತೆ.” ಆಗ ಗೊತ್ತಾಯಿತು, ಗಾಡಿ ಹಂಗಳದಿಂದ ಹಿಂದಕ್ಕೆ ಬಂದದ್ದು ಮಕ್ಕಳ ಹಟಕ್ಕಲ್ಲ. ಲೆಕ್ಕದಲ್ಲಿ ಹಿಡಿದರೆ ಮಾಲೀಕ ಸುಮ್ಮನಿರುತ್ತಾನೆಯೇ? ಅವನು ಹಿಡಿಯುವುದು ಡ್ರೈವರಿನ ಬಾಟಾದಲ್ಲಿ.

ಅಂಗಡಿಯವರು ಹುಡುಗನ ಮೀಟರನ್ನು ಅಲ್ಲಗಳೆಯಲಿಲ್ಲ. ಮೇಲೆ ಹತ್ತಿ, ಅದೇ ಪ್ಲಗ್ಗಿನ ಕೆಂಪು ವೈರಿಗೆ ಸೂಜಿ ಇಟ್ಟು, ಕಪ್ಪು ವೈರಿಗೆ ಕ್ಲಿಪ್ಪು ಕಚ್ಚಿಸಿದರು. ಬಲ್ಬಿನೊಳಗಿನ ತಂತಿ ಆರಲು ಹೊರಟ ಬೀಡಿಯ ತುದಿಯಷ್ಟು ಕೆಂಪಾಗಿ, ಅಷ್ಟಕ್ಕೇ ನಿಂತಿತು.

“ಈಗ ನಿನ್ ಮೀಟ್ರ ಇಡು ಮೊಗಾ.”

ಲ್ಯಾಂಪು ಹಾಗೇ ಇರುವಾಗ ಹುಡುಗ ಅದೇ ಎರಡು ವೈರಿಗೆ ಮೀಟರು ಹಿಡಿದ. ಹನ್ನೆರಡು ಪಾಯಿಂಟ್ ನಾಲ್ಕು ಇದ್ದದ್ದು ಮೂರಕ್ಕೆ ಇಳಿದಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಕಸುಬಿನ ಜಾಣತನವೆಲ್ಲ ಈ ಒಂದು ಕ್ಷಣದಲ್ಲಿದೆ. ಡಿಜಿಟಲ್ ಮೀಟರು ತಾನು ಅಳೆಯುವ ತಂತಿಯಿಂದ ಕರೆಂಟನ್ನು ಕೇಳುವುದೇ ಇಲ್ಲವೆನ್ನಬೇಕು. ಅದರ ಒಳಗಿನ ತಡೆ ಕೋಟಿ ಓಮಿನ ಲೆಕ್ಕದ್ದು. ಹತ್ತಿಪ್ಪತ್ತು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ, ತುಕ್ಕಿನ ಮೂಲಕ ಜಿನುಗುವಷ್ಟು ದಾರಿ ಇದ್ದರೂ ಮೀಟರಿಗೆ ಅಷ್ಟೇ ಸಾಕು, ಹನ್ನೆರಡು ವೋಲ್ಟು ತೋರಿಸಿಬಿಡುತ್ತದೆ. ಸುಳ್ಳೂ ಅಲ್ಲ, ಪ್ರಯೋಜನವೂ ಇಲ್ಲ. ಇಪ್ಪತ್ತೊಂದು ವ್ಯಾಟಿನ ಬಲ್ಬು ಹಾಗಲ್ಲ. ಅದು ಉರಿಯಬೇಕಾದರೆ ಹತ್ತಿರ ಹತ್ತಿರ ಎರಡು ಆಂಪಿಯರು ಹರಿಯಲೇಬೇಕು. ದಾರಿ ಕಿರಿದಾಗಿದ್ದರೆ ವೋಲ್ಟೆಲ್ಲ ಆ ಕಿರಿದಾದಲ್ಲೇ ಸೋರಿಹೋಗಿ ಬಲ್ಬಿಗೆ ಬಂದು ಮುಟ್ಟುವುದು ಚೂರುಪಾರು. ಟಿ.ವಿ.ಗೂ ಆಗಿದ್ದದ್ದು ಅದೇ. ಕೆಲಸ ಕೊಟ್ಟು ನೋಡಬೇಕು, ಬರೀ ಹಾಜರಿ ಕೇಳಬಾರದು.

ದಾರಿ ಕೆಟ್ಟಿದೆ, ಸರಿ. ಎಲ್ಲಿ? ಕೆಂಪು ವೈರಿನಲ್ಲೋ ಕಪ್ಪು ವೈರಿನಲ್ಲೋ? ಅವರು ಕ್ಲಿಪ್ಪನ್ನು ಕಪ್ಪು ವೈರಿನಿಂದ ತೆಗೆದು ಸೀಟಿನ ಕಾಲಿನ ಬೋಲ್ಟಿಗೆ ಕಚ್ಚಿಸಿದರು. ಬಲ್ಬು ಕಣ್ಣು ಕುಕ್ಕುವ ಹಾಗೆ ಉರಿಯಿತು. ಕೆಂಪು ವೈರು ನಿರಪರಾಧಿ. ಕರೆಂಟು ಬ್ಯಾಟರಿಯಿಂದ ಹೊರಟು ಟಿ.ವಿ.ಯವರೆಗೂ ಚೆನ್ನಾಗಿಯೇ ಬರುತ್ತಿದೆ. ವಾಪಸು ಹೋಗಲು ಅದಕ್ಕೆ ದಾರಿಯಿಲ್ಲ.

“ಅರ್ತು” ಅಂದರು ಅಂಗಡಿಯವರು, ಮನೆಯ ಹಳೆಯ ನೆಂಟನನ್ನು ಗುರುತು ಹಿಡಿದ ದನಿಯಲ್ಲಿ. “ಬರೋ ಕರೆಂಟ ಎಲ್ರೂ ನೋಡ್ತಾರೆ ಸಾ. ಹೋಗೋದ ಯಾರೂ ನೋಡಲ್ಲ.”

ಗಾಡಿಗಳಲ್ಲಿ ಉಳಿತಾಯದ ಒಂದು ಉಪಾಯವಿದೆ. ಬ್ಯಾಟರಿಯ ಮೈನಸ್ಸನ್ನು ಗಾಡಿಯ ಬಾಡಿಗೇ ಕಟ್ಟಿರುತ್ತಾರೆ. ಪ್ರತಿ ದೀಪಕ್ಕೂ ಒಂದು ವೈರು ಹೋದರೆ ಸಾಕು. ವಾಪಸು ದಾರಿಗೆ ಗಾಡಿಯ ತಗಡೇ ವೈರು. ಕಂಪನಿಯಲ್ಲಿ ಗಾಡಿ ಕಟ್ಟುವಾಗ ಈ ಅರ್ತ್ ಬಿಂದುಗಳಿಗೆ ಪೇಂಟು ಬೀಳದಂತೆ ನೋಡಿಕೊಳ್ಳುತ್ತಾರೆ. ಆದರೆ ಟಿಟಿಗಳ ಟಿ.ವಿ., ಚಾರ್ಜರು, ನೀಲಿ ಲೈಟುಗಳಲ್ಲಿ ಬಹುಪಾಲು ಆಮೇಲೆ ಹೊರಗಡೆ ಹಾಕಿಸಿದವು. ಹಾಕುವವನಿಗೆ ಒಂದೇ ದಿನದಲ್ಲಿ ಕೆಲಸ ಮುಗಿಯಬೇಕು. ಕೆಂಪು ವೈರನ್ನು ಜೋಪಾನವಾಗಿ ಫ್ಯೂಸಿನಿಂದ ತರುತ್ತಾನೆ, ಕಪ್ಪನ್ನು ಕೈಗೆ ಸಿಕ್ಕಿದ ಬೋಲ್ಟಿಗೆ ಸುತ್ತಿ ಕೈತೊಳೆದುಕೊಳ್ಳುತ್ತಾನೆ.

ಹುಡುಗ ಒಂದು ತುಂಡು ವೈರಿನಿಂದ ಟಿ.ವಿ.ಯ ಕಪ್ಪನ್ನು ಸೀಟಿನ ಬೋಲ್ಟಿಗೆ ತಾತ್ಕಾಲಿಕವಾಗಿ ತಾಗಿಸಿದ. ಕೆಂಪು ಚುಕ್ಕಿ ಬಂತು, ಆಮೇಲೆ ಕಂಪನಿಯ ಹೆಸರು. ಗಾಡಿಯೊಳಗೆ ಚಪ್ಪಾಳೆ, ಶಿಳ್ಳೆ. ಅಂಗಡಿಯವರು ತುಂಡು ವೈರನ್ನು ಕಿತ್ತರು. ಮತ್ತೆ ಕಪ್ಪು. ಹಿಂದಿನಿಂದ ಎದ್ದ ಕೂಗಿಗೆ ಪಕ್ಕದ ಲಾರಿಯ ಕ್ಲೀನರ್ ತಿರುಗಿ ನೋಡಿದ.

“ಹಂಗೇ ಇರ್ಲಿ ಬಿಡಣ್ಣಾ, ಟೇಪ್ ಸುತ್ತಿ ಕೊಟ್ಬಿಡಿ, ಟೈಮಿಲ್ಲ” ಎಂದು ಡ್ರೈವರು ಗೋಗರೆದ.

“ಗೂಡಲೂರ್ ಗಂಟ ಬತ್ತದೆ. ಆಮೇಲೆ ಘಾಟೀಲಿ ಅಲ್ಲಾಡಿ ಕಿತ್ಕಂಡು ಕೆಂಪ್ ವೈರ್ಗೆ ಬಡುದ್ರೆ?” ಅಂದವರೇ ಕೊನೆಯ ಸಾಲಿನ ಸೀಟಿನ ಕೆಳಗೆ ಅಂಗಾತ ಮಲಗಿದರು.

ಕಪ್ಪು ವೈರು ಹಿಂದಿನ ಕಂಬದೊಳಗಿಂದ ಇಳಿದು ಅಲ್ಲಿಗೇ ಬಂದಿತ್ತು. ಅದರ ಮೇಲೆ ಒರಗಿಕೊಂಡು ಒಂದು ಮಜ್ಜಿಗೆ ಕ್ಯಾನು. ಪ್ರವಾಸದ ಗಾಡಿಗಳ ಹಿಂದಿನ ಸೀಟಿನ ಅಡಿ ಒಂದು ಅಡುಗೆಮನೆಯೇ: ಪುಳಿಯೋಗರೆ ಡಬ್ಬ, ಚಕ್ಕುಲಿ ಡಬ್ಬ, ಉಪ್ಪಿನಕಾಯಿ, ಮಾವಿನಕಾಯಿ ಚಿತ್ರಾನ್ನದ ಪಾತ್ರೆ, ಚಾಪೆ, ಒದ್ದೆ ಟವೆಲ್ಲು. ಕ್ಯಾನನ್ನು ಅಜ್ಜಿಯೊಬ್ಬರು ಮೇಲೆತ್ತಿಕೊಟ್ಟರು. ಅದರ ಹಿಂದೆ ಆ ಬೋಲ್ಟು. ತಾಮ್ರದ ಉಂಗುರದ ಸುತ್ತ ಹಸಿರು ಹಿಟ್ಟು ಕಟ್ಟಿಕೊಂಡಿತ್ತು, ಅದರ ಕೆಳಗೆ ಕಂದು ತುಕ್ಕು, ಅದಕ್ಕೂ ಕೆಳಗೆ ಒಡೆದ ಪೇಂಟಿನ ಪದರ. ಉಂಗುರವನ್ನು ಬೆರಳಲ್ಲಿ ಮುಟ್ಟಿದರೆ ತಿರುಗುತ್ತಿತ್ತು. ಇದ್ದ ಬದ್ದ ಹಿಡಿತವೂ ಬಿಟ್ಟಿತ್ತು.

“ಮಜ್ಜಿಗೆ ಚೆಲ್ಲಿತ್ತಾ ಅವ್ವಾ ಇಲ್ಲಿ?”

“ಒಂಚೂರು ಚೆಲ್ತಪ್ಪ, ಬೆಟ್ಟದ ಕೆಳಗೆ. ಒರೆಸಿದ್ವಿ. ಅದರಿಂದಾನಾ?” ಅಜ್ಜಿಯ ದನಿಯಲ್ಲಿ ಅಪರಾಧ.

“ಇವತ್ತಿನ ಮಜ್ಜಿಗೇಲಿ ಇಷ್ಟಾಗಲ್ಲ ಬುಡಿ. ಎಷ್ಟೋ ಟ್ರಿಪ್ಪಿನ ಮಜ್ಜಿಗೆ ಇದು. ಇವತ್ತು ಕ್ಯಾನು ತಳ್ಳುದ್ರಲ್ಲಾ, ಅಷ್ಟು ಸಾಕಾಯ್ತು.”

ಧರ್ಮಸ್ಥಳಕ್ಕೆ ಹೋದವರದ್ದು, ಮಂತ್ರಾಲಯಕ್ಕೆ ಹೋದವರದ್ದು, ಮದುವೆ ದಿಬ್ಬಣದ್ದು, ಕಾಲೇಜು ಹುಡುಗರದ್ದು, ಯಾರ್ಯಾರು ಚೆಲ್ಲಿದ ಹುಳಿ, ಉಪ್ಪು, ಸೋಡಾ ಅಲ್ಲಿ ಇಂಗಿತ್ತೋ. ಇಷ್ಟು ದಿನ ತುಕ್ಕಿನ ಸಂದಿಯಲ್ಲೇ ಹೇಗೋ ಓಡಾಡಿಕೊಂಡಿದ್ದ ಕರೆಂಟಿಗೆ ಉಂಗುರ ಕೂದಲೆಳೆಯಷ್ಟು ತಿರುಗಿದ್ದೇ ಹೆಚ್ಚಾಯಿತು. ಅಜ್ಜಿಗೆ ಈ ವಿವರ ಸಮಾಧಾನ ತಂದಂತೆ ಕಾಣಲಿಲ್ಲ. ಕ್ಯಾನನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತರು.

ಕೆಲಸ ಸಣ್ಣದು, ಅವರು ಮಾಡಿದ್ದು ಮಾತ್ರ ಸಾವಕಾಶವಾಗಿ. ಬೋಲ್ಟು ಬಿಚ್ಚಿ, ಕೊಳೆತ ಉಂಗುರವನ್ನು ಕತ್ತರಿಸಿ ಎಸೆದರು. ವೈರಿನ ತುದಿ ಸುಲಿದರೆ ಒಳಗಿನ ತಾಮ್ರವೂ ಕಪ್ಪು. ಇನ್ನಷ್ಟು ಸುಲಿದು, ಕೆಂಪಗೆ ಹೊಳೆಯುವ ತಾಮ್ರ ಸಿಗುವವರೆಗೂ ಹಿಂದೆ ಹೋದರು. ಹೊಸ ಉಂಗುರ ಕೂರಿಸಿ ಇಕ್ಕಳದಲ್ಲಿ ಒತ್ತಿದರು. ಎಮರಿ ಕಾಗದದಿಂದ ತಗಡನ್ನು ಉಜ್ಜಿ ಉಜ್ಜಿ ಒಂದು ರೂಪಾಯಿ ನಾಣ್ಯದಗಲ ಬೆಳ್ಳಗೆ ಮಾಡಿದರು. ಕೆಳಗೆ ಹಲ್ಲಿನ ವಾಷರು, ಮೇಲೆ ಉಂಗುರ, ಆಮೇಲೆ ಬೋಲ್ಟು. ಬಿಗಿದಾದ ಮೇಲೆ ಮೇಲ್ಗಡೆಗೆ ವ್ಯಾಸಲೀನು. “ಬಿಗಿಯೋಕ್ ಮುಂಚೆ ಬಳೀಬಾರ್ದು, ಬಿಗುದ್ ಮೇಲೆ ಬಳೀಬೇಕು” ಎಂದು ಹುಡುಗನಿಗೆ ಹೇಳಿದ್ದು ನಮಗೂ ಕೇಳಿಸಿತು. ಚರ್ಮಕ್ಕೆ ಹಚ್ಚುವ ಅದೇ ಡಬ್ಬಿ.

ಕೈ ಕೆಲಸದಲ್ಲಿದ್ದಾಗ ಅವರ ಬಾಯಿ ಚುರುಕು. ಕಸುಬು ಕಲಿತದ್ದು ಮೈಸೂರಿನ ಉಸ್ತಾದರೊಬ್ಬರ ಕೈಕೆಳಗೆ, ವಿಡಿಯೋ ಕೋಚ್ ಬಸ್ಸುಗಳ ಕಾಲದಲ್ಲಿ. ಆ ಬಸ್ಸುಗಳನ್ನು ಬಲ್ಲವರಿಗೆ ಬಲ್ಲೆನೆಂಬ ಸುಖವಿದೆ. ಡ್ರೈವರಿನ ಬೆನ್ನ ಹಿಂದಿನ ಮರದ ಪೆಟ್ಟಿಗೆಯಲ್ಲಿ ದಪ್ಪ ಬೆನ್ನಿನ ಟಿ.ವಿ., ಕೆಳಗೆ ಬೀಗ ಹಾಕಿದ ಕ್ಯಾಸೆಟ್ ಪ್ಲೇಯರು, ಗುಂಡಿ ಬಂದಾಗಲೆಲ್ಲ ಚಿತ್ರಕ್ಕೆ ಗೆರೆ. ಹಾಡು ಮುಗಿಯುವುದರೊಳಗೆ ಊಟದ ಹೋಟೆಲು ಬರುತ್ತಿತ್ತು, ಕ್ಲೈಮ್ಯಾಕ್ಸಿನ ಹೊತ್ತಿಗೆ ಕ್ಲೀನರು ಲೈಟು ಹಾಕಿ ಊರಿನ ಹೆಸರು ಕೂಗುತ್ತಿದ್ದ. ಬಸ್ಸಿನದು ಎರಡು ಬ್ಯಾಟರಿ ಜೋಡಿಸಿದ ಇಪ್ಪತ್ತನಾಲ್ಕು ವೋಲ್ಟು. ಆಗ ಕೆಲವರು ಜಾಣತನ ಮಾಡಿ, ಹನ್ನೆರಡು ವೋಲ್ಟಿನ ಸೆಟ್ಟನ್ನು ಎರಡರಲ್ಲಿ ಒಂದೇ ಬ್ಯಾಟರಿಗೆ ಕಟ್ಟಿಬಿಡುತ್ತಿದ್ದರಂತೆ. ಟಿ.ವಿ. ಚೆನ್ನಾಗಿ ಓಡುತ್ತಿತ್ತು, ಬ್ಯಾಟರಿಗಳಲ್ಲಿ ಒಂದು ಮಾತ್ರ ದುಡಿದು ಸೊರಗುತ್ತಿತ್ತು, ಇನ್ನೊಂದು ಅತಿಯಾಗಿ ಚಾರ್ಜಾಗಿ ಕುದಿಯುತ್ತಿತ್ತು, ಬೆಳಗಿನ ಜಾವ ಬಸ್ಸು ಸ್ಟಾರ್ಟೇ ಆಗುತ್ತಿರಲಿಲ್ಲ. “ಪ್ಯಾಸೆಂಜರು ಸಿನ್ಮಾ ನೋಡಿ ಇಳುದ್ ಬಸ್ಸ ತಳ್ಳೋರು” ಎಂದು ಸೀಟಿನ ಕೆಳಗಿನಿಂದಲೇ ನಕ್ಕರು.

ಈಗಿನ ದೊಡ್ಡ ಕಾರುಗಳನ್ನು ಅವರು ಮುಟ್ಟುವುದಿಲ್ಲ. ಸೀಟಿನ ತಲೆದಿಂಬಿನಲ್ಲೇ ಪರದೆ ಇರುವ ಗಾಡಿಗಳು ಈ ದಾರಿಯಲ್ಲಿ ದಿನವೂ ಹಾಯುತ್ತವೆ. ಅವಕ್ಕೆ ಕರೆಂಟು ಮುಟ್ಟಿದರೆ ಸಾಲದು, ಮುಂದಿನ ಮುಖ್ಯ ಯಂತ್ರದಿಂದ “ಏಳು” ಎಂಬ ಅಪ್ಪಣೆ ಬೇರೆ ಬರಬೇಕು. ಕೆಲವು ಜರ್ಮನ್ ಕಾರುಗಳಲ್ಲಿ ಒಂದಷ್ಟು ಕಾಲ ಆ ಅಪ್ಪಣೆ ತಾಮ್ರದ ವೈರಿನಲ್ಲಿ ಬರದೆ, ಬೆಳಕು ಹಾಯುವ ಪ್ಲಾಸ್ಟಿಕ್ ಎಳೆಯಲ್ಲಿ ಬರುತ್ತಿತ್ತು. ರೇಡಿಯೊ, ಆಂಪ್ಲಿಫೈಯರು, ಹಿಂದಿನ ಪರದೆ ಎಲ್ಲವನ್ನೂ ಒಂದೇ ಬಳೆಯಾಗಿ ಪೋಣಿಸಿದ ಎಳೆ. ಎಲ್ಲಾದರೂ ಒಂದು ಕಡೆ ಬೆಳಕು ನಿಂತರೆ ಇಡೀ ಬಳೆ ಕತ್ತಲು. ಅಂಥವರಿಗೆ ಇವರು ಫ್ಯೂಸು ನೋಡಿ, ಅರ್ತು ನೋಡಿ, ಮೈಸೂರಿಗೋ ಕೋಯಿಕ್ಕೋಡಿಗೋ ಕಳಿಸುತ್ತಾರೆ. ಅಷ್ಟು ನೋಡುವುದರಲ್ಲೇ ಕೆಲವು ಎದ್ದುಬಿಡುತ್ತವೆ ಎಂಬುದನ್ನೂ ಹೇಳಿದರು. ಇಗ್ನಿಷನ್ ಕೀಯನ್ನು ಮೊದಲ ಮೆಟ್ಟಿಲಿಗೆ ತಿರುಗಿಸದೆ “ಟಿ.ವಿ. ಕೆಟ್ಟಿದೆ” ಎಂದು ಬಂದವರ ಕತೆಗಳಂತೂ ಅವರಲ್ಲಿ ದಂಡಿಯಾಗಿದ್ದವು.

ಪ್ಲಗ್ಗು ಹಾಕಿದರು. ಕೆಂಪು ಚುಕ್ಕಿ, ಕಂಪನಿಯ ಹೆಸರು, ಆಮೇಲೆ ಪೆನ್‌ಡ್ರೈವಿನ ಪಟ್ಟಿ. ಹುಡುಗಿಯ ಮೊಬೈಲೂ ಟುಂಯ್ ಅಂದಿತು. ಅಂಗಡಿಯವರು ಅಷ್ಟಕ್ಕೇ ಬಿಡದೆ ಇಂಜಿನ್ ಸ್ಟಾರ್ಟ್ ಮಾಡಿಸಿದರು. ಸ್ಟಾರ್ಟರ್ ಎಳೆದ ಹೊಡೆತಕ್ಕೆ ಪರದೆ ಒಮ್ಮೆ ಕಣ್ಣು ಮುಚ್ಚಿ ಮತ್ತೆ ತೆರೆಯಿತು, ಅದು ಸಹಜ. ಲ್ಯಾಂಪು ಇಟ್ಟು, ಜೊತೆಗೇ ಹುಡುಗನ ಮೀಟರನ್ನೂ ಇಡಿಸಿದರು. ಹದಿಮೂರು ಪಾಯಿಂಟ್ ಎಂಟು. ಈಗ ಇಬ್ಬರೂ ಒಂದೇ ಮಾತು ಹೇಳಿದರು.

ಏನು ಹಾಕಬೇಕೆಂಬ ಜಗಳ ಶುರುವಾಯಿತು. ಸಣ್ಣವರಿಗೆ ಕಾರ್ಟೂನು. ಅಜ್ಜಿಗೆ 1973ರ ‘ಗಂಧದ ಗುಡಿ’, ರಾಜ್‌ಕುಮಾರ್ ಕಾಡು ಕಾಯುವುದು. ಹುಡುಗಿಗೆ 2022ರಲ್ಲಿ ಬಂದ ಪುನೀತ್‌ರ ‘ಗಂಧದ ಗುಡಿ’; ಅಪ್ಪು ತೀರಿಕೊಂಡು ವರ್ಷ ತುಂಬುವ ಮುನ್ನಾದಿನ ತೆರೆಗೆ ಬಂದ ಚಿತ್ರ, ಕರ್ನಾಟಕದ ಕಾಡುಗಳನ್ನು ಅವರೇ ನಡೆದು ತೋರಿಸಿದ್ದು. ಹುಡುಗಿಯೇ ಗೆದ್ದಳು. ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲೊಂದರ ಬಾಗಿಲಲ್ಲಿ ನಿಂತು ಒಂದು ಸಂಸಾರ ಪರದೆಯ ಮೇಲೆ ಕಾಡು ನೋಡತೊಡಗಿತು. ನನಗಂತೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಕೊನೆಯ ಸಾಲಿನವರಿಗೂ ಈಗ ಆನೆ ಕಾಣುತ್ತಿತ್ತು.

ಡ್ರೈವರು ಮಾತ್ರ ನನ್ನ ಕಿವಿಯ ಹತ್ತಿರ ಬಂದು ಹೇಳಿದ: “ಗೇಟ್ ದಾಟಿದ ತಕ್ಷಣ ಆಫ್ ಮಾಡ್ತೀನಿ ಸಾರ್. ಕಾಡೊಳಗೆ ಅದು ಮುಂದಿನ ಗಾಜ್‌ನಲ್ಲಿ ಬಡೀತದೆ. ಯಾವ್ದು ಆನೆ, ಯಾವ್ದು ಟಿ.ವಿ. ಗೊತ್ತಾಗಲ್ಲ.”

“ಮತ್ತೆ ಇಷ್ಟೊತ್ತು ರಿಪೇರಿ?”

“ಇದೆ ಅಂತ ತೋರಿಸ್ಬೇಕಲ್ಲ ಸಾರ್.”

ಇನ್ನೂರು ರೂಪಾಯಿ ಆಯಿತು. ಡ್ರೈವರಿಗೆ ಮಾಲೀಕರಿಗೆ ಕಳಿಸಲು ಚೀಟಿ ಬೇಕು. ಅಂಗಡಿಯವರು ಬಿಲ್ ಪುಸ್ತಕ ತೆಗೆದು, ಪೆನ್ನು ಹಿಡಿದು ಯೋಚಿಸಿದರು. ‘ಅರ್ತ್ ಬೋಲ್ಟ್ ಉಜ್ಜಿದ್ದು’ ಎಂದು ಬರೆದರೆ ಯಾವ ಮಾಲೀಕನೂ ಇನ್ನೂರು ಕೊಡುವುದಿಲ್ಲವಂತೆ. ‘ಟಿವಿ ವೈರಿಂಗ್, ಫ್ಯೂಸ್’ ಎಂದು ಬರೆದು ಸೀಲು ಒತ್ತಿದರು. ಡ್ರೈವರು ಚೀಟಿಯ ಫೋಟೊ ತೆಗೆದು ವಾಟ್ಸಾಪಿನಲ್ಲಿ ಹಾಕಿದ. ಹಸಿರು ಫ್ಯೂಸನ್ನು ವಾಪಸು ಕೇಳಿದ. ಕೊಡಲಿಲ್ಲ.

ಎಂಟೂ ಹತ್ತಕ್ಕೆ ಟಿಟಿ ಹೊರಟಿತು. ಗೇಟಿರುವ ಮೇಲುಕಾಮನಹಳ್ಳಿಗೆ ಇಪ್ಪತ್ತು ನಿಮಿಷ ಸಾಕು. ಅದು ತೆರವು ಮಾಡಿದ ಜಾಗಕ್ಕೆ ಕೇರಳದ ಬೋರ್ಡಿನ ಕಾರೊಂದು ಆಗಲೇ ಹಿಮ್ಮುಖವಾಗಿ ಬರುತ್ತಿತ್ತು. ಗಾಜು ಇಳಿಸಿದಾತ ಹಿಂದಿನ ಸೀಟಿನ ಕಡೆ ಕೈ ತೋರಿಸಿ ಮಲಯಾಳದಲ್ಲಿ ಏನೋ ಹೇಳತೊಡಗಿದ. ಅಂಗಡಿಯವರು ಅವನ ಮಾತು ಮುಗಿಯುವವರೆಗೂ ಕೇಳಿ, ಲ್ಯಾಂಪನ್ನು ಹೆಗಲಿಗೆ ಹಾಕಿಕೊಂಡು, ಅವನ ಭಾಷೆಯಲ್ಲೇ ವಿಚಾರಿಸಿದರು: ಅದರ ಜೊತೆಗೆ ಬೇರೆ ಏನೇನು ನಿಂತಿದೆ?